ಸ್ವಂತ ಕಟ್ಟಿದ ಕಾರಿಗೆ ಡಿಕ್ಕಿ ಲಾಕ್: ಆರಿಸುವುದು ಹೇಗೆ, ಕೂರಿಸುವುದು ಹೇಗೆ

ನಮ್ಮ ಕಾರಿಗೆ ಎರಡು ಡಿಕ್ಕಿ ಲಾಕ್ ಹಾಕಿ ತೆಗೆದಿದ್ದೆ. ಮೂರನೆಯದೂ ಸರಿಯಾಗಿ ಬೀಳದಿದ್ದಾಗ ಅಪ್ಪ ಶೆಡ್ಡಿಗೆ ಬಂದರು. ಲಾಕ್ ಕಡೆ ನೋಡಲೇ ಇಲ್ಲ. ಡಿಕ್ಕಿ ಬಾಗಿಲಿನ ಬಲಗಡೆ ಮೂಲೆ ಹಿಡಿದು ಅಲ್ಲಾಡಿಸಿದರು. ಇಡೀ ಬಾಗಿಲು ಪಕ್ಕಕ್ಕೆ ಜರುಗಿತು.

"ಲಾಕಿಂದು ತಪ್ಪಿಲ್ಲವ್ವಾ, ನಿನ್ನ ಹಿಂಜ್ ಸಡ್ಲ ಐತಿ. ಬಾಗ್ಲು ದಿನಕ್ಕೊಂದು ಜಾಗಕ್ಕೆ ಬಂದು ಕೂತ್ರೆ ಲಾಕ್ ಏನ್ ಮಾಡ್ಬೇಕು?" ಅಂದರು.

ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಫಿಟ್ಟರ್ ಆಗಿದ್ದವರು, ಲೇತ್ ಕಟ್ಟಿದ ಕೈ. ನಾನು ದಾವಣಗೆರೆಯ ಹದಡಿ ರಸ್ತೆ ಕಡೆ ಸಣ್ಣ ಶೆಡ್ಡಿನಲ್ಲಿ ಟಿಂಕರಿಂಗ್, ವೆಲ್ಡಿಂಗ್ ಮಾಡುತ್ತೇನೆ. ಮಾರುತಿ 800ರ ಇಂಜಿನ್, ಗೇರ್‌ಬಾಕ್ಸ್ ತಗೊಂಡು, ಪೈಪಿನ ಚಾಸಿ ಮೇಲೆ 1 ಮಿ.ಮೀ. ತಗಡಿನ ಬಾಡಿ ಕಟ್ಟಿ, ಎರಡು ಸೀಟಿನ ಕಾರು ಮಾಡಿದ್ದೇನೆ. ಅದು ಓಡುವುದು ಸಂತೇಬೆನ್ನೂರು ಹತ್ತಿರ ಮಾವನ ಅಡಿಕೆ ತೋಟದ ದಾರಿಯಲ್ಲಿ ಮಾತ್ರ. ಆ ಕಾರಿನಲ್ಲಿ ನನಗೆ ಇಂಜಿನ್‌ಗಿಂತ ಜಾಸ್ತಿ ಕಲಿಸಿದ್ದು ಡಿಕ್ಕಿ ಲಾಕ್. ಕಾರು ಕಟ್ಟುತ್ತಿರುವ ಹುಡುಗ ಹುಡುಗಿಯರು ಬಂದು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲಾಕ್ ಕೊಳ್ಳುವ ಮೊದಲು ಬಾಗಿಲು

ಹಿಂಜ್, ಬಾಗಿಲು, ಸುತ್ತಲಿನ ರಬ್ಬರ್, ಬಾಗಿಲು ಒತ್ತಿ ಕೂರುವ ಮೂಲೆಯ ಬಂಪ್ ರಬ್ಬರ್. ಈ ನಾಲ್ಕೂ ಮುಗಿದ ಮೇಲೇ ಲಾಕ್. ಬಾಗಿಲು ಎತ್ತಿ, ಮೆಲ್ಲಗೆ ಇಳಿಸಿ, ಹತ್ತು ಸಲ ಮಾಡಿ. ಪ್ರತಿ ಸಲ ಸುತ್ತಲಿನ ಸಂದು ಒಂದೇ ಥರ ಇರಬೇಕು. ನಾನು 5 ಮಿ.ಮೀ. ಸಂದು ಇಟ್ಟಿದ್ದೇನೆ. ಅಷ್ಟೇ ದಪ್ಪದ ಹಲಗೆ ಚೂರುಗಳನ್ನು ನಾಲ್ಕೂ ಕಡೆ ಸಿಕ್ಕಿಸಿ ನೋಡಿದರೆ ಎಲ್ಲಿ ಸೊಟ್ಟ ಅಂತ ತಕ್ಷಣ ಗೊತ್ತಾಗುತ್ತದೆ. ಹಿಂಜ್ ಪಿನ್ನಿನಲ್ಲಿ ಅರ್ಧ ಮಿ.ಮೀ. ಆಟ ಇದ್ದರೂ, ಬಾಗಿಲಿನ ತುದಿಯಲ್ಲಿ ಅದು ಹಲವು ಪಟ್ಟು ಆಗುತ್ತದೆ. ನನ್ನ ಹಿಂಜಿಗೆ ಅಪ್ಪ ಹೊಸ ಬುಷ್, ಅಂದರೆ ಪಿನ್ನು ಕೂರುವ ಬಳೆ, ಮಾಡಿಸಿದರು. ಲಾಕಿನ ಅರ್ಧ ತೊಂದರೆ ಅಲ್ಲಿಗೇ ಹೋಯಿತು.

ಆಮೇಲೆ ಲಾಕ್ ಎಷ್ಟು ಬಲ ತಡೆಯಬೇಕು ಅಂತ ಲೆಕ್ಕ ಹಾಕಿ. ಇದಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ನಿಮ್ಮ ರಬ್ಬರ್ ಬೀಡಿಂಗ್‌ನಿಂದ 100 ಮಿ.ಮೀ. ತುಂಡು ಕತ್ತರಿಸಿ ತಕ್ಕಡಿ ಮೇಲೆ ಇಡಿ. ಬಾಗಿಲು ಮುಚ್ಚಿದಾಗ ಅದು ಎಷ್ಟು ಒತ್ತಬೇಕೋ ಅಷ್ಟನ್ನೇ ಒಂದು ಮರದ ತುಂಡಿನಿಂದ ಒತ್ತಿ, ತಕ್ಕಡಿ ಏನು ತೋರಿಸುತ್ತದೆ ನೋಡಿ. ನನ್ನದು 5 ಮಿ.ಮೀ. ಒತ್ತಿದಾಗ 400 ಗ್ರಾಂ ತೋರಿಸಿತು. ಅಂದರೆ ಒಂದು ಮೀಟರಿಗೆ 4 ಕೆ.ಜಿ. ಡಿಕ್ಕಿ ಸುತ್ತ 3.2 ಮೀಟರ್ ರಬ್ಬರ್ ಇದೆ. ಒಟ್ಟು ಸುಮಾರು 13 ಕೆ.ಜಿ. ಇದರಲ್ಲಿ ಅರ್ಧದಷ್ಟು ಹಿಂಜ್ ಹೊರುತ್ತದೆ, ಉಳಿದದ್ದು ಲಾಕ್ ಮೇಲೆ. ಕಾರು ಗುಂಡಿಗೆ ಬಿದ್ದಾಗ 9 ಕೆ.ಜಿ. ತೂಕದ ಬಾಗಿಲು ಮೇಲಕ್ಕೆ ಹಾರಲು ನೋಡುತ್ತದೆ. ಆಗ ತೂಕದ ಮೂರು ಪಟ್ಟು ಅಂತ ಹಿಡಿದರೆ, ಅದರಲ್ಲೂ ಅರ್ಧ ಹಿಂಜಿಗೆ ಹೋಗಿ, ಲಾಕಿಗೆ ಇನ್ನೂ 13-14 ಕೆ.ಜಿ. ಸೇರುತ್ತದೆ. ಬಾಗಿಲು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಹಾಕುವವರು ಅದು ತಳ್ಳುವ ಬಲವನ್ನೂ ಕೂಡಿಸಿ. ನನ್ನದಕ್ಕೆ ಬಾನೆಟ್ಟಿಗೆ ಇರುವಂಥ ಊರುಗಂಬಿ ಅಷ್ಟೇ.

ಒಟ್ಟು 20 ಕೆ.ಜಿ. ಅಷ್ಟೇನಾ ಅನ್ನಿಸಬಹುದು. ದಿನದ ಓಡಾಟಕ್ಕೆ ಅಷ್ಟೇ. ಆದರೆ ಯಾರೋ ಬಾಗಿಲಿನ ತುದಿ ಹಿಡಿದು ಕಾರು ಎಳೆಯುತ್ತಾರೆ. ಬ್ರೇಕ್ ಹಾಕಿದಾಗ ಒಳಗಿನ ಜಾಕ್ ಹಾರಿ ಬಡಿಯುತ್ತದೆ. ಹಿಂದಿನಿಂದ ಇನ್ನೊಂದು ಗಾಡಿ ಗುದ್ದಬಹುದು. ಅಂಥ ಹೊತ್ತಿಗೆ ಲಾಕ್ ಬಿಟ್ಟುಕೊಡಬಾರದು. ಕಾರಿನ ಪಕ್ಕದ ಬಾಗಿಲುಗಳ ಲಾಕಿಗೆ ಅಮೆರಿಕದ ನಿಯಮ 11,000 ನ್ಯೂಟನ್ ಎಳೆತ ತಡೆಯಬೇಕು ಅನ್ನುತ್ತದೆ. ಅದು ಒಂದು ಟನ್ನಿಗಿಂತ ಜಾಸ್ತಿ. ಅರ್ಧ ಬಿದ್ದ ಸ್ಥಿತಿಯಲ್ಲೂ 4,500 ನ್ಯೂಟನ್ ತಡೆಯಬೇಕು. ಡಿಕ್ಕಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಆದರೂ ಕಾರು ಕಂಪನಿಯ ಲಾಕನ್ನು ಯಾವ ಮಟ್ಟದ ಲೆಕ್ಕ ಹಾಕಿ ಮಾಡುತ್ತಾರೆ ಅಂತ ಇದರಿಂದ ತಿಳಿಯುತ್ತದೆ. ಹಾಗಾಗಿ ಲಾಕಿನ ಒಳಭಾಗವನ್ನು ನೀವೇ ಕತ್ತರಿಸಿ ಮಾಡಲು ಹೋಗಬೇಡಿ.

ಯಾವ ಲಾಕ್?

ನಾನು ಮೊದಲು ಹಾಕಿದ್ದು ಎಲೆಕ್ಟ್ರಿಕ್ ಪ್ಯಾನೆಲ್ ಬಾಗಿಲಿಗೆ ಹಾಕುವ, ಕಾಲು ಸುತ್ತು ತಿರುಗಿಸುವ ಲಾಕ್. ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ಕಾರಿಗೆ ಅದು ತಪ್ಪು. ಅಲ್ಲಾಡಿ ಅಲ್ಲಾಡಿ ತಾನೇ ತಿರುಗುತ್ತದೆ. ಬಾಗಿಲು ತಳ್ಳಿದರೆ ಬೀಳುವುದಿಲ್ಲ, ಪ್ರತಿ ಸಲ ಕೈಯಿಂದಲೇ ತಿರುಗಿಸಬೇಕು. ಹಳೇ ಕಾರುಗಳ ಥರ ಹೊರಗೆ ಹಿಡಿ ಇರುವ ಲಾಕ್ ಚೆನ್ನಾಗಿ ಕಾಣುತ್ತದೆ, ರಿಪೇರಿಯೂ ಸುಲಭ. ಆದರೆ ಬಾಗಿಲಿಗೆ ದೊಡ್ಡ ತೂತು ಬೇಕು, ಹಿಡಿಯ ಬುಡದಲ್ಲಿ ನೀರು ಇಳಿಯುತ್ತದೆ.

ಬೇಕಾದದ್ದು ತಿರುಗುವ ಕೊಕ್ಕೆಯ ಲಾಕ್. ಈಗಿನ ಕಾರುಗಳಲ್ಲೆಲ್ಲ ಇದೇ. ಅದರೊಳಗೆ ಮುಖ್ಯವಾದ ತುಂಡುಗಳು ಎರಡೇ. ಕವೆಯ ಹಾಗೆ ಬಾಯಿ ಬಿಟ್ಟ ಒಂದು ಕೊಕ್ಕೆ, ಅದನ್ನು ತಡೆಯುವ ಒಂದು ಹಲ್ಲು. ಎದುರುಗಡೆಯ ಯು ಆಕಾರದ ಕಂಬಿಗೆ ಸ್ಟ್ರೈಕರ್ ಅನ್ನುತ್ತಾರೆ. ಸ್ಟ್ರೈಕರ್ ಬಂದು ಬಡಿದಾಗ ಕೊಕ್ಕೆ ತಿರುಗಿ ಅದನ್ನು ತಬ್ಬಿಕೊಳ್ಳುತ್ತದೆ. ತಡೆಹಲ್ಲು ಸ್ಪ್ರಿಂಗ್ ಬಲದಿಂದ ಬಂದು ಕೊಕ್ಕೆಯ ಬೆನ್ನಿಗೆ ಕೂರುತ್ತದೆ. ಇನ್ನು ಕೊಕ್ಕೆ ವಾಪಸ್ ತಿರುಗಲಾರದು. ಒಳ್ಳೆಯ ಲಾಕಿನಲ್ಲಿ ಬಾಗಿಲು ಎಳೆದಷ್ಟೂ ಹಲ್ಲು ಇನ್ನೂ ಗಟ್ಟಿ ಕೂರುತ್ತದೆ, ಜಾರಿ ಹೊರಗೆ ಬರುವುದಿಲ್ಲ. ಕೊಕ್ಕೆ ಒತ್ತುವ ಗೆರೆ ಹಲ್ಲಿನ ತಿರುಗುಪಿನ್ನಿನ ಯಾವ ಪಕ್ಕದಲ್ಲಿ ಹಾದು ಹೋಗುತ್ತದೆ ಅನ್ನುವುದರ ಮೇಲೆ ಇದು ನಿಂತಿದೆ. ಒಂದೆರಡು ಮಿ.ಮೀ. ಆಚೀಚೆ ಆದರೆ ಎಲ್ಲಾ ಕೆಟ್ಟಿತು. ನಾನೇ ಮಾಡುತ್ತೇನೆ ಅಂತ ಹೊರಟಾಗ ಅಪ್ಪ ಬೇಡ ಅಂದದ್ದು ಇದಕ್ಕೇ.

ಗುಜರಿಯಲ್ಲಿ ಹುಡುಕುವಾಗ ಎರಡು ಸಲ ಟಕ್ ಅನ್ನುವ ಲಾಕ್ ನೋಡಿ. ಸ್ಕ್ರೂಡ್ರೈವರ್ ತುದಿಯಿಂದ ಕೊಕ್ಕೆ ಒತ್ತಿ. ಮೊದಲ ಟಕ್ ಅರ್ಧ ಬಿದ್ದದ್ದು, ಎರಡನೆಯದು ಪೂರ್ತಿ. ಬಾಗಿಲು ಸರಿಯಾಗಿ ಮುಚ್ಚದಿದ್ದರೂ ಅರ್ಧದಲ್ಲಿ ಹಿಡಿದಿರುತ್ತದೆ, ಹಾರಿ ಗಾಜಿಗೆ ಬಡಿಯುವುದಿಲ್ಲ. ಹಲ್ಲಿನ ಅಂಚು ಸವೆದು ಗುಂಡಗಾಗಿದ್ದರೆ ಬಿಟ್ಟುಬಿಡಿ. ಕೊಕ್ಕೆಯ ಮೇಲಿನ ಪ್ಲಾಸ್ಟಿಕ್ ಪದರ ಹೋಗಿದ್ದರೂ ಬೇಡ, ಅದು ಶಬ್ದ ತಡೆಯಲು ಇರುವುದು. ನಾನು ತಂದದ್ದು ಮಾರುತಿ ಎಸ್ಟೀಮ್ ಡಿಕ್ಕಿಯ ಲಾಕ್. ಒಂದು ಮಾತು ಮರೆಯಬೇಡಿ: ಲಾಕ್ ತರುವಾಗ ಅದೇ ಕಾರಿನ ಸ್ಟ್ರೈಕರನ್ನೂ ಬಿಚ್ಚಿಸಿಕೊಂಡು ಬನ್ನಿ. ಎರಡೂ ಜೋಡಿ. ಬೇರೆ ದಪ್ಪದ ಕಂಬಿ ಹಾಕಿದರೆ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲಾ ಜೀವಮಾನ ಪೂರ್ತಿ ಗಡಗಡ ಅನ್ನುತ್ತದೆ. ಮನೆ ಕಟ್ಟುವ ಕಬ್ಬಿಣ ಬಗ್ಗಿಸಿ ಸ್ಟ್ರೈಕರ್ ಮಾಡಿದವರನ್ನು ನೋಡಿದ್ದೇನೆ. ಅದರ ಗೆರೆಗಳು ಕೊಕ್ಕೆಯನ್ನು ಅರದ ಹಾಗೆ ತಿನ್ನುತ್ತವೆ.

ಎಲ್ಲಿ, ಯಾವ ಓರೆಯಲ್ಲಿ

ಲಾಕ್ ಬಾಗಿಲಿಗೋ, ಬಾಡಿಗೋ? ಎರಡೂ ನಡೆಯುತ್ತದೆ. ಬಾಗಿಲಿಗೆ ಹಾಕಿದರೆ ಲಾಕ್ ಬಿಡಿಸುವ ಕೇಬಲ್ಲು ಹಿಂಜಿನ ಹತ್ತಿರ ಹಾದು ಹೋಗಬೇಕು, ಪ್ರತಿ ಸಲ ಮಡಚುತ್ತದೆ. ಆದರೆ ಲಾಕಿನ ಬಾಯಿ ಕೆಳಮುಖ ಇರುವುದರಿಂದ ದೂಳು, ನೀರು ಕೂರುವುದಿಲ್ಲ. ನಾನು ಬಾಡಿಯ ಹಿಂಬದಿ ಪಟ್ಟಿಗೆ ಹಾಕಿದೆ. ಕೇಬಲ್ ನೇರ, ಗಟ್ಟಿ. ಆದರೆ ಬಾಯಿ ಮೇಲ್ಮುಖ. ನಮ್ಮ ಕಡೆ, ಅದರಲ್ಲೂ ಚಿತ್ರದುರ್ಗ, ಚಳ್ಳಕೆರೆ ದಾರಿಯ ಬೇಸಿಗೆ ದೂಳು ಗೊತ್ತಲ್ವಾ? ಅದಕ್ಕೆ ಲಾಕ್ ಕೂರುವ ಗೂಡಿನ ತಳದಲ್ಲಿ 8 ಮಿ.ಮೀ. ತೂತು ಕೊರೆದಿದ್ದೇನೆ. ನೀರು, ಮಣ್ಣು ಕೆಳಗೆ ಇಳಿದು ಹೋಗುತ್ತದೆ. ಇವತ್ತು ಮತ್ತೆ ಕಟ್ಟಿದರೂ ಹೀಗೇ ಮಾಡುತ್ತೇನೆ. ಕೇಬಲ್ ಕೆಟ್ಟರೆ ಡಿಕ್ಕಿಯೇ ತೆಗೆಯಲು ಬರುವುದಿಲ್ಲ, ದೂಳನ್ನಾದರೆ ಒರೆಸಬಹುದು.

ಈಗ ಎಲ್ಲರೂ ಎಡವುವ ಜಾಗ. ಬಾಗಿಲು ಮುಚ್ಚುವಾಗ ಸ್ಟ್ರೈಕರ್ ನೇರ ಕೆಳಗೆ ಇಳಿಯುವುದಿಲ್ಲ. ಹಿಂಜಿನ ಸುತ್ತ ಕಮಾನಿನಲ್ಲಿ ಬರುತ್ತದೆ. ಸ್ಟ್ರೈಕರ್ ಹಿಂಜಿಗಿಂತ ಕೆಳಗಿದ್ದರೆ, ಕೊನೆಯ ಗಳಿಗೆಯಲ್ಲಿ ಅದು ಕೆಳಕ್ಕೂ, ಜೊತೆಗೆ ಸ್ವಲ್ಪ ಮುಂದಕ್ಕೂ ಜರುಗುತ್ತದೆ. ನನ್ನ ಕಾರಿನಲ್ಲಿ ಹಿಂಜ್ ಪಿನ್ನಿನಿಂದ ಸ್ಟ್ರೈಕರ್ 900 ಮಿ.ಮೀ. ಹಿಂದೆ, 150 ಮಿ.ಮೀ. ಕೆಳಗೆ ಇದೆ. ಅಂದರೆ ದಾರಿ ಸುಮಾರು ಒಂಬತ್ತೂವರೆ ಡಿಗ್ರಿ ಓರೆ. ಲಾಕಿನ ಬಾಯಿಯನ್ನೂ ಅಷ್ಟೇ ಓರೆಯಾಗಿ, ಹಿಂಬದಿ ಬಂಪರ್ ಕಡೆಗೆ ವಾಲಿಸಿ ಕೂರಿಸಬೇಕು. ಲೆಕ್ಕ ಬೇಡ ಅನ್ನುವವರು ಹಿಂಜ್ ಪಿನ್ನಿಗೆ ದಾರ ಕಟ್ಟಿ, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ, ಪಕ್ಕದಲ್ಲಿ ರಟ್ಟು ಹಿಡಿದು ಕಮಾನು ಎಳೆಯಿರಿ. ಗೋಡೆ ಮೇಲೆ ಕಮಾನು ಹಾಕಲು ಗಾರೆಯವರು ಮಾಡುವ ಹಾಗೆಯೇ. ನನ್ನ ಎರಡನೇ ಲಾಕ್ ಹಾಳಾದದ್ದು ಇದನ್ನು ನೋಡದೆ ನೆಟ್ಟಗೆ ಕೂರಿಸಿದ್ದರಿಂದ. ಪ್ರತಿ ಸಲ ಸ್ಟ್ರೈಕರ್ ಬಾಯಿಯ ಒಂದೇ ತುಟಿಗೆ ಉಜ್ಜಿ ತಗಡು ಬಾಗಿತ್ತು.

1 ಮಿ.ಮೀ. ತಗಡಿಗೆ ಲಾಕನ್ನು ನೇರ ಬೋಲ್ಟ್ ಮಾಡಬೇಡಿ. ಬೋಲ್ಟ್ ಸುತ್ತ ತಗಡು ಹರಿಯುತ್ತದೆ. ಹಿಂದೆ 3 ಮಿ.ಮೀ. ದಪ್ಪದ, ಅಂಗೈಯಗಲದ ಪ್ಲೇಟ್ ವೆಲ್ಡ್ ಮಾಡಿ, ಅದರ ಬೆನ್ನಿಗೆ ನಟ್ಟುಗಳನ್ನು ವೆಲ್ಡ್ ಮಾಡಿ. ನಟ್ಟಿನ ಮೇಲೆ ಸತುವಿನ ಲೇಪ ಇದ್ದರೆ ಮೊದಲು ಉಜ್ಜಿ ತೆಗೆಯಿರಿ, ಶೆಡ್ಡಿನ ಬಾಗಿಲು ಕಿಟಕಿ ತೆರೆದಿಡಿ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಬೋಲ್ಟ್ 8.8 ಗ್ರೇಡ್ ಇರಲಿ. ಎಂ6, ಅಂದರೆ 6 ಮಿ.ಮೀ. ಬೋಲ್ಟ್ ಆದರೆ ಸುಮಾರು 10 ನ್ಯೂಟನ್ ಮೀಟರ್, ಎಂ8 ಆದರೆ 25ರ ಹತ್ತಿರ ಬಿಗಿ ಸಾಕು.

ಹೊಂದಿಸಲು ಜಾಗ ಬಿಡಿ. ಲಾಕಿನ ತೂತುಗಳು ಮೇಲೆ ಕೆಳಗೆ 6 ಮಿ.ಮೀ. ಉದ್ದ, ಸ್ಟ್ರೈಕರಿನ ತೂತುಗಳು ಎಡಕ್ಕೆ ಬಲಕ್ಕೆ 6 ಮಿ.ಮೀ. ಉದ್ದ. ಒಂದರಲ್ಲೇ ಎರಡೂ ಕಡೆ ಜರುಗುವ ಹಾಗೆ ಮಾಡಿದರೆ ಒಂದನ್ನು ಸರಿ ಮಾಡುವಾಗ ಇನ್ನೊಂದು ತಪ್ಪುತ್ತದೆ.

ಹೊಂದಿಸುವುದಕ್ಕೆ ನಾನು ಕುಂಕುಮ ಬಳಸುತ್ತೇನೆ. ಕುಂಕುಮಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಕಲಸಿ, ಸ್ಟ್ರೈಕರಿಗೆ ತೆಳ್ಳಗೆ ಹಚ್ಚಿ. ಬಾಗಿಲನ್ನು ಲಾಕಿನ ಬಾಯಿಗೆ ತಾಗುವಷ್ಟೇ ಇಳಿಸಿ, ಎತ್ತಿ. ಕೆಂಪು ಎಲ್ಲಿ ಅಂಟಿದೆ ನೋಡಿ. ಬಾಯಿಯ ಒಂದು ಪಕ್ಕಕ್ಕೆ ಅಂಟಿದ್ದರೆ ಸ್ಟ್ರೈಕರನ್ನು ಇನ್ನೊಂದು ಪಕ್ಕಕ್ಕೆ ಜರುಗಿಸಿ. ಎಲ್ಲಿಯೂ ತಾಗದೆ ನೇರ ಕೊಕ್ಕೆಯ ಮೇಲೆ ಮಾತ್ರ ಕೆಂಪು ಬಿದ್ದರೆ ಸರಿಯಾಯಿತು. ಫ್ಯಾಕ್ಟರಿಯಲ್ಲಿ ಅಪ್ಪನವರು ಲೇತ್ ಬೆಡ್ ಕೆರೆಯುವಾಗ ನೀಲಿ ಹಚ್ಚಿ ನೋಡುತ್ತಿದ್ದರು, ಇದೂ ಅದೇ ವಿದ್ಯೆ.

ಇದೆಲ್ಲ ಆಗುವವರೆಗೆ ಬಾಗಿಲನ್ನು ಪೂರ್ತಿ ಮುಚ್ಚಬೇಡಿ. ದಯವಿಟ್ಟು. ಮೊದಲು ಬಾಗಿಲು ತೆರೆದಿಟ್ಟೇ ಸ್ಕ್ರೂಡ್ರೈವರಿನಿಂದ ಕೊಕ್ಕೆ ಬೀಳಿಸಿ, ಕೇಬಲ್ ಎಳೆದು ಬಿಡಿಸಿ. ಹೀಗೆ ಇಪ್ಪತ್ತು ಸಲ ಮಾಡಿದ ಮೇಲೆ ಮುಚ್ಚಿ.

ತೆಗೆಯುವ ದಾರಿ ಒಂದೇ ಇರಬಾರದು

ನನ್ನ ಎರಡನೇ ಲಾಕಿಗೆ ಕೇಬಲ್ಲೇ ಇರಲಿಲ್ಲ. ಕರೆಂಟ್ ಕೊಟ್ಟರೆ ಹಲ್ಲನ್ನು ಎಳೆಯುವ 12 ವೋಲ್ಟಿನ ಸೊಲೆನಾಯ್ಡ್, ಡ್ಯಾಶ್‌ಬೋರ್ಡಿನಲ್ಲಿ ಒಂದು ಬಟನ್. ಒತ್ತಿದರೆ ಟಪ್ ಅಂತ ತೆಗೆಯುತ್ತಿತ್ತು. ತೂಕ ಹಿಂದಕ್ಕೆ ಇರಲಿ ಅಂತ ಬ್ಯಾಟರಿಯನ್ನೂ ಡಿಕ್ಕಿಯಲ್ಲೇ ಇಟ್ಟಿದ್ದೆ. ತೋಟದಲ್ಲಿ ಕೊಯ್ಲು ಶುರುವಾಗಿ ಕಾರು ಮೂರು ವಾರ ನಿಂತಿತು. ಬ್ಯಾಟರಿ ಸತ್ತಿತು. ಡಿಕ್ಕಿ ತೆಗೆಯಲು ಬ್ಯಾಟರಿ ಬೇಕು, ಬ್ಯಾಟರಿ ಮುಟ್ಟಲು ಡಿಕ್ಕಿ ತೆಗೆಯಬೇಕು. ಸೀಟಿನ ಹಿಂದೆ ತಗಡಿನ ಗೋಡೆ. ಕೊನೆಗೆ ಹಿಂಬದಿ ಪಟ್ಟಿಗೆ 12 ಮಿ.ಮೀ. ತೂತು ಕೊರೆದು, ಕಂಬಿ ತೂರಿಸಿ ತಡೆಹಲ್ಲನ್ನು ಎಬ್ಬಿಸಬೇಕಾಯಿತು. ಪೇಂಟ್ ಮಾಡಿ ಒಂದು ತಿಂಗಳಾಗಿತ್ತು.

ಹಾಗಾಗಿ ಮುಖ್ಯ ದಾರಿ ಕೇಬಲ್ ಇರಲಿ. ಬೈಕಿನ ಕ್ಲಚ್ ಕೇಬಲ್ ಥರದ್ದೇ. ಹೊರಗಿನ ಕೊಳವೆ ಎರಡೂ ತುದಿಯಲ್ಲಿ ಅಲ್ಲಾಡದೆ ಕೂತಿರಬೇಕು, ಇಲ್ಲದಿದ್ದರೆ ನೀವು ಎಳೆದದ್ದೆಲ್ಲ ಕೊಳವೆ ಬಗ್ಗುವುದರಲ್ಲೇ ಮುಗಿಯುತ್ತದೆ. ತಿರುವು ಒಂದು ತಟ್ಟೆಯ ಸುತ್ತಿನಷ್ಟಾದರೂ ಅಗಲ ಇರಲಿ. ತಡೆಹಲ್ಲು ಬಿಡಲು ಎಷ್ಟು ಎಳೆಯಬೇಕು ಅಂತ ಅಳೆಯಿರಿ. ನನ್ನದಕ್ಕೆ 12 ಮಿ.ಮೀ. ಬೇಕು, ಲಿವರ್ 18 ಎಳೆಯುತ್ತದೆ. ಕೇಬಲ್ ಹಿಗ್ಗಿದರೂ ಸಾಕಾಗುತ್ತದೆ. 2 ಮಿ.ಮೀ. ಸಡಿಲ ಬಿಡಿ. ಬಿಗಿಯಾಗಿ ಕಟ್ಟಿದರೆ ಹಲ್ಲು ಪೂರ್ತಿ ಕೂರದೆ ದಾರಿಯಲ್ಲಿ ಬಾಗಿಲು ತೆರೆದುಕೊಳ್ಳಬಹುದು.

ಎರಡನೇ ದಾರಿ, ಹೊರಗಿನಿಂದ. ಕೀಲಿ ಹಾಕುವ ಬ್ಯಾರಲ್ ಇದ್ದರೆ ಒಳ್ಳೆಯದು. ನನ್ನ ಬಾಗಿಲು ನುಣ್ಣಗಿರಲಿ ಅಂತ ಬ್ಯಾರಲ್ ಹಾಕಿಲ್ಲ. ಬದಲಿಗೆ ತಡೆಹಲ್ಲಿನಿಂದ ಇನ್ನೊಂದು ತೆಳು ತಂತಿ ಕಾರಿನ ತಳದಲ್ಲಿ ಒಂದು ಗುಪ್ತ ಜಾಗಕ್ಕೆ ಬರುತ್ತದೆ. ಎಲ್ಲಿ ಅಂತ ನನಗೂ ಅಪ್ಪನಿಗೂ ಗೊತ್ತು. ಹೀಗೆ ಹಿಡಿ ಇಲ್ಲದ ಬಾಗಿಲಾದರೆ ಲಾಕಿನ ಪಕ್ಕ ಒಂದು ಸಣ್ಣ ಸ್ಪ್ರಿಂಗ್ ಇಡಿ. ಲಾಕ್ ಬಿಟ್ಟ ತಕ್ಷಣ ಬಾಗಿಲು 20 ಮಿ.ಮೀ. ಮೇಲೆದ್ದರೆ ಬೆರಳು ತೂರಿಸಬಹುದು.

ಸೊಲೆನಾಯ್ಡ್ ಬೇಕೇ ಬೇಕು ಅಂದರೆ ಕೇಬಲ್ ಜೊತೆಗೆ ಹಾಕಿ. ರಿಲೇ, ಫ್ಯೂಸ್ ಬಿಡಬೇಡಿ. ಬಟನ್ನಿನ ವೈರನ್ನು ಹ್ಯಾಂಡ್‌ಬ್ರೇಕ್ ಸ್ವಿಚ್ ಮೂಲಕ ತನ್ನಿ. ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಮಾತ್ರ ಡಿಕ್ಕಿ ತೆಗೆಯುತ್ತದೆ, ಓಡುವಾಗ ಕೈ ತಾಗಿದರೂ ಏನೂ ಆಗುವುದಿಲ್ಲ.

ಮೂರನೇ ದಾರಿ ಒಳಗಿನಿಂದ. ಇದನ್ನು ಬರೆಯಲೇಬೇಕು ಅಂತ ಕೂತಿದ್ದೇನೆ.

ಏಪ್ರಿಲ್ ತಿಂಗಳು. ರಜಕ್ಕೆ ಬಂದಿದ್ದ ಅಕ್ಕನ ಮಗಳು, ಆರು ವರ್ಷ, ಕಣ್ಣಾಮುಚ್ಚಾಲೆ ಆಡುತ್ತಾ ಡಿಕ್ಕಿಯೊಳಗೆ ಕೂತು ಬಾಗಿಲು ಎಳೆದುಕೊಂಡಳು. ಲಾಕ್ ಅಷ್ಟು ಚೆನ್ನಾಗಿ ಕೆಲಸ ಮಾಡಿತು. ನಾನು ಶೆಡ್ಡಿನ ಆಚೆ ತುದಿಯಲ್ಲಿ ಗ್ರೈಂಡರ್ ಹಿಡಿದಿದ್ದೆ. ಗ್ರೈಂಡರ್ ನಿಲ್ಲಿಸಿದಾಗ ತಗಡು ಬಡಿಯುವ ಸದ್ದು ಕೇಳಿತು. ಹೆಚ್ಚೆಂದರೆ ಮೂರು ನಿಮಿಷ ಆಗಿತ್ತು. ತೆಗೆದಾಗ ಮೈಯೆಲ್ಲ ಬೆವರು. "ಚಿಕ್ಕಮ್ಮಾ, ಕತ್ತಲಲ್ಲಿ ಹಿಡಿಯೇ ಸಿಗಲಿಲ್ಲ" ಅಂದಳು. ಒಳಗೆ ಹಿಡಿ ಇರಲೇ ಇಲ್ಲ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅಮೆರಿಕದಲ್ಲಿ 1998ರ ಬೇಸಿಗೆಯಲ್ಲಿ ಹೀಗೇ ಡಿಕ್ಕಿಯೊಳಗೆ ಸಿಕ್ಕಿ ಮೂರು ಘಟನೆಗಳಲ್ಲಿ 11 ಮಕ್ಕಳು ತೀರಿಹೋದರು. ಆಮೇಲೆ ಅಲ್ಲಿ ನಿಯಮ ಬಂತು. 2001ರ ಸೆಪ್ಟೆಂಬರ್ 1ರಿಂದ ತಯಾರಾಗುವ, ಡಿಕ್ಕಿ ಇರುವ ಪ್ರತಿ ಕಾರಿಗೂ ಒಳಗಿನಿಂದ ತೆಗೆಯುವ ವ್ಯವಸ್ಥೆ ಇರಲೇಬೇಕು. ಅದಕ್ಕೇ ಕೆಲವು ಕಾರುಗಳ ಡಿಕ್ಕಿಯಲ್ಲಿ ಕತ್ತಲಲ್ಲಿ ಹೊಳೆಯುವ ಹಿಡಿ ನೇತಾಡುತ್ತಿರುತ್ತದೆ.

ಮಾಡುವುದು ಕಷ್ಟವಲ್ಲ. ತಡೆಹಲ್ಲಿಗೆ ಒಂದು ಗೇಣು ತಂತಿ ಕಟ್ಟಿ, ತುದಿಗೆ ಮಗುವಿನ ಅಂಗೈ ಹಿಡಿಯುವಷ್ಟು ದೊಡ್ಡ ಹಿಡಿ ಹಾಕಿ, ಕತ್ತಲಲ್ಲಿ ಹೊಳೆಯುವ ಟೇಪ್ ಸುತ್ತಿ. ಸುಮ್ನೆ ಎಳೆದರೆ ಸಾಕು ಅನ್ನುವ ಹಾಗಿರಲಿ, ತಿರುಗಿಸುವುದು, ಒತ್ತುವುದು ಬೇಡ. ಸಾಮಾನು ತುಂಬಿದಾಗ ಸಿಕ್ಕಿಕೊಳ್ಳದಂತೆ ಮೇಲುಗಡೆ ಇರಲಿ. ಆ ಟೇಪ್ ಬೆಳಕು ಕುಡಿದರೇ ಹೊಳೆಯುವುದು. ವಾರಗಟ್ಟಲೆ ಮುಚ್ಚಿಟ್ಟ ಡಿಕ್ಕಿಯಲ್ಲಿ ಅದು ಮಂಕಾಗಿರುತ್ತದೆ. ಅದಕ್ಕೆ ಬಾಗಿಲು ತೆರೆದಾಗ ಬಿಸಿಲು ಬೀಳುವ ಜಾಗದಲ್ಲೇ ಹಿಡಿ ಇರಬೇಕು. ಆಮೇಲೆ ನೀವೇ ಒಳಗೆ ಮಲಗಿ, ಹೊರಗೆ ಒಬ್ಬರನ್ನು ನಿಲ್ಲಿಸಿ, ಬಾಗಿಲು ಮುಚ್ಚಿಸಿಕೊಂಡು ತೆಗೆದು ನೋಡಿ. ನಾನು ನೋಡಿದೆ. ಒಳಗೆ ಎಷ್ಟು ಕತ್ತಲು, ಎಷ್ಟು ಸೆಕೆ ಅಂತ ಆಗಲೇ ಗೊತ್ತಾಗಿದ್ದು.

ಮುಗಿಸುವ ಮೊದಲು

ಮೂಲೆಯ ಬಂಪ್ ರಬ್ಬರನ್ನು ತಿರುಗಿಸಿ ಎತ್ತರಿಸುತ್ತಾ, ಲಾಕ್ ಬಿದ್ದಾಗ ಬಾಗಿಲು ಅದರ ಮೇಲೆ ಸ್ವಲ್ಪ ಒತ್ತಿ ಕೂರುವಂತೆ ಮಾಡಿ. ಸುತ್ತಲಿನ ರಬ್ಬರ್ ಪರೀಕ್ಷಿಸಲು ಹತ್ತು ರೂಪಾಯಿ ನೋಟು ಇಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಎಲ್ಲಾ ಕಡೆ ಒಂದೇ ಬಿಗಿಯಲ್ಲಿ ಬರಬೇಕು. ನೋಟು ಸಲೀಸಾಗಿ ಜಾರಿ ಬಂದ ಕಡೆ ನೀರಷ್ಟೇ ಅಲ್ಲ, ಓಡುವಾಗ ಸೈಲೆನ್ಸರ್ ಹೊಗೆಯೂ ಒಳಗೆ ಬರುತ್ತದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ವಾಸನೆ ಗೊತ್ತಾಗುವುದಿಲ್ಲ. ಒಂದು ಗೇಣು ಎತ್ತರದಿಂದ ಬಿಟ್ಟರೆ ಬಾಗಿಲು ತಾನೇ ಎರಡೂ ಟಕ್ ದಾಟಿ ಬೀಳಬೇಕು. ಗುದ್ದಿ ಮುಚ್ಚಬೇಕಾದರೆ ರಬ್ಬರ್ ತುಂಬಾ ಗಟ್ಟಿ, ಇಲ್ಲಾ ಲಾಕ್ ತುಂಬಾ ಕೆಳಗಿದೆ.

ಲಾಕಿಗೆ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಹಚ್ಚಿ. ಜಾಸ್ತಿ ಮೆತ್ತಿದರೆ ನಮ್ಮ ದೂಳಿಗೆ ಅದು ಉಪ್ಪುಕಾಗದದ ಹಾಗೆ ಆಗುತ್ತದೆ. ಕೀಲಿಯ ಬ್ಯಾರಲ್‌ಗೆ ಎಣ್ಣೆ ಬೇಡ, ಗ್ರಾಫೈಟ್ ಪುಡಿ ಸಾಕು. ಆರು ತಿಂಗಳಿಗೊಮ್ಮೆ ಒರೆಸಿ ಹೊಸದು ಹಚ್ಚಿ.

ನೀವು ಬದಲಾಯಿಸುತ್ತಿರುವುದು ರಸ್ತೆಯಲ್ಲಿ ಓಡುವ, ನೋಂದಣಿ ಆದ ಕಾರಾದರೆ ಬಾಡಿಗೆ ಕೈ ಹಾಕುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡಿನ ಬಗ್ಗೆಯೇ ಇದೆ.

ಕೊನೆಯ ಪರೀಕ್ಷೆ ಶಬ್ದದ್ದು. ಡಿಕ್ಕಿಯಲ್ಲಿ 25 ಕೆ.ಜಿ. ಅಕ್ಕಿ ಮೂಟೆ ಇಟ್ಟು, ಪಕ್ಕದಲ್ಲಿ ಮೊಬೈಲ್ ರೆಕಾರ್ಡಿಂಗ್ ಹಾಕಿ ಇಟ್ಟು, ಗುಂಡಿ ಇರುವ ದಾರಿಯಲ್ಲಿ ಹತ್ತು ನಿಮಿಷ ಓಡಿಸಿ. ಕಾರಿನಲ್ಲಿ ಕೂತರೆ ಕೇಳದ ಗಡಗಡ ಅದರಲ್ಲಿ ಕೇಳುತ್ತದೆ. ನನ್ನದರಲ್ಲಿ ಮೊದಲ ಸಲ ಎಡಗಡೆಯಿಂದ ಚಿಟಿಚಿಟಿ ಸದ್ದು ಬಂತು. ಎಡ ಬಂಪ್ ರಬ್ಬರನ್ನು ಒಂದೂವರೆ ಸುತ್ತು ಎತ್ತರಿಸಿದೆ. ಎರಡನೇ ಸಲ ಅಡಿಕೆ ತೋಟದ ಹಕ್ಕಿ ಸದ್ದು, ಇಂಜಿನ್ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಅಪ್ಪ ಅದನ್ನು ಕಿವಿಗೆ ಹಿಡಿದು ಪೂರ್ತಿ ಹತ್ತು ನಿಮಿಷ ಕೇಳಿದರು. ಆಮೇಲೆ ಸ್ಪ್ಯಾನರ್ ತಗೊಂಡು ಸ್ಟ್ರೈಕರಿನ ಬೋಲ್ಟುಗಳನ್ನು ಇನ್ನೊಮ್ಮೆ ತಾವೇ ಬಿಗಿ ಮಾಡಿ, ಅದರ ಅಂಚಿಗೆ ಗೀರು ಹಾಕಿ ಗುರುತು ಮಾಡಿದರು.